ಹತ್ತು ಸೆಕೆಂಡಿನ ನಾದ

ಹನ್ನೊಂದು ಗಂಟೆಗೆ ಸಿಗೋಣ ಎಂದವನು ತಾನೇ ಆದರೂ ತಾಕ್ ಸಾಂಗ್‌ತೇ ಹತ್ತೂಕಾಲಿಗೇ ಬಂದು ವಾದ್ಯಗಳ ನಾಗ್ವನ್ ಮಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಿದ್ದ. ಎಲ್ಲಿಗೆ ಹೊರಟರೂ ಹೇಳಿದ ಹೊತ್ತಿಗಿಂತ ಮುಂಚೆ ಹೋಗಿ ನಿಲ್ಲುವುದು ಅವನಿಗೆ ಅಂಟಿದ ಚಾಳಿ. ಹೆಂಡತಿ ಬದುಕಿದ್ದಾಗ ಆಡಿಕೊಳ್ಳುತ್ತಿದ್ದಳು, ಸ್ಮಶಾನಕ್ಕೂ ನೀವು ಹೆಣ ಹೊರುವವರಿಗಿಂತ ಮೊದಲೇ ಹೋಗಿ ಕಾಯುತ್ತೀರಿ ಎಂದು. ಅವನೂ ಜೊತೆಗೆ ನಗುತ್ತಿದ್ದ. ಮೊದಲು ಹೋದವನಿಗೆ ಏನೇನು ಸಿಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಖಾಲಿ ಜಾಗ ಸಿಗುತ್ತದೆ, ಬೇರೆಯವರ ಸಾಮಾನು ಸಿಗುತ್ತದೆ, ಯಾರ ಕಣ್ಣೂ ಇಲ್ಲದ ಅರ್ಧ ಗಂಟೆ ಸಿಗುತ್ತದೆ. ಇವತ್ತು ಸಿಕ್ಕಿದ್ದು ಮುಕ್ಕಾಲು ಗಂಟೆ, ಅದರಿಂದ ಅವನಿಗೇನೂ ಉಪಯೋಗವಿರಲಿಲ್ಲ. ಪಕ್ಕದ ಅಕ್ಕಿ ಕಡುಬಿನ ಅಂಗಡಿಗಳಿಂದ ಹಬೆ ಏಳುತ್ತಿತ್ತು. ಮಡಿಸಿದ ಪತ್ರಿಕೆ ಕಂಕುಳಲ್ಲಿಟ್ಟುಕೊಂಡ ಮುದುಕರು ಉದ್ಯಾನದ ಕಡೆಗೆ ಒಬ್ಬೊಬ್ಬರಾಗಿ ಸರಿಯುತ್ತಿದ್ದರು. ಅವರಲ್ಲೊಬ್ಬ ಇವನನ್ನೂ ತಮ್ಮವನೇ ಎಂದುಕೊಂಡು, ಧರ್ಮದ ಊಟದ ಸಾಲು ಇವತ್ತು ಆ ಕಡೆ ಎಂದು ಕೈ ತೋರಿಸಿ ಹೋದ. ಬೆಳಿಗ್ಗೆ ಎದ್ದು ಅಂಗಿಗೆ ಇಸ್ತ್ರಿ ಮಾಡಿಕೊಂಡು ಬಂದಿದ್ದ ಸಾಂಗ್‌ತೇಗೆ ಮುಖ ಬಿಸಿಯಾಯಿತು. ಎಪ್ಪತ್ತೊಂದು ವರ್ಷವಾದ ಮೇಲೆ ಇಸ್ತ್ರಿ ಅಂಗಿಯನ್ನು ಯಾರೂ ನೋಡುವುದಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ.

ಇವತ್ತು ಹೇಳಿಬಿಡಬೇಕು. ಮುಂಜಾನೆಯಿಂದ ಅವನ ಬಾಯಲ್ಲಿ ಇದೊಂದೇ ಮಾತು ಹುಣಸೆಬೀಜದಂತೆ ಹೊರಳುತ್ತಿತ್ತು. ಮಾತು ಹೊಸದೇನಲ್ಲ. ಹಳೆಯ ಗೆಳೆಯ ಇಲ್ಗುವಿನ ಮದುವೆಯ ದಿನವೂ ಹೀಗೆಯೇ ಹೊರಳಿತ್ತು, ಮದುವೆ ಮನೆಯಲ್ಲಿ ಇದೆಲ್ಲ ಯಾಕೆ ಎಂದು ನುಂಗಿದ್ದ. ಮೂರು ವರ್ಷದ ಹಿಂದೆ, ಇಬ್ಬರೂ ಹ್ಯೊಂಗ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಜೊಂಗ್‌ಹಾ ಸತ್ತಾಗ ಆಸ್ಪತ್ರೆಯ ನೆಲಮಾಳಿಗೆಯ ಶೋಕದ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕುಳಿತು ದನದ ಮಾಂಸದ ಸಾರು ಕುಡಿಯುತ್ತಿದ್ದಾಗಲೂ ಹೊರಳಿತ್ತು. ಆಗ ಇಲ್ಗು, ಹ್ಯೊಂಗ್‌ಗೆ ನಾನು ಕೊಟ್ಟ ನೋವು ಒಂದೇ, ಆ ಆಂಪ್ಲಿಫೈಯರ್, ಎಂದು ಕಣ್ಣೊರೆಸಿಕೊಂಡ. ಸತ್ತವರ ಎದುರು ಹೊಸ ಜಗಳ ಬೇಡ ಎಂದು ಸಾಂಗ್‌ತೇ ಮತ್ತೆ ನುಂಗಿದ. ನುಂಗುವುದಕ್ಕೆ ನೆವ ಹುಡುಕುವವನಿಗೆ ನೆವಕ್ಕೇನು ಬರ? ಕಳೆದ ವಾರ ಇಲ್ಗು ಫೋನು ಮಾಡಿದಾಗ ಮಾತ್ರ ಯಾವ ನೆವವೂ ಉಳಿಯಲಿಲ್ಲ. ಅಂಗಡಿ ಮುಚ್ಚಿದ್ದಾಯಿತು, ಇನ್ನು ಮನೆಯಲ್ಲಿ ಕೂತು ಒಂದಿಷ್ಟು ಗಿಟಾರು ನುಡಿಸುತ್ತೇನೆ, ಕೆಳಗಿನ ಮನೆಯವರು ಬೈಯದ ಹಾಗೆ ಒಂದು ಸಣ್ಣ ಆಂಪ್ಲಿಫೈಯರ್ ಬೇಕು ಎಂದಿದ್ದ. ಆಮೇಲೆ ದನಿ ಇಳಿಸಿ, "ಜೊಂಗ್‌ಹಾ ಹ್ಯೊಂಗ್‌ದು ಇತ್ತಲ್ಲ, ನಾನು ಸುಟ್ಟುಹಾಕಿದ್ದು, ಅದೇ ಹಳೇ ನಾದ ಬರ್ಬೇಕು. ನಿನ್ನ ಕಿವಿ ಆರಿಸಿದ್ರೆ ಮುಗೀತು," ಎಂದ. ನಾನು ಸುಟ್ಟುಹಾಕಿದ್ದು ಎಂಬುದನ್ನು ಅವನು ತಾನು ಹುಟ್ಟಿದ ಊರಿನ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದ್ದ.

ಸರಿಯಾಗಿ ಹನ್ನೊಂದಕ್ಕೆ ಇಲ್ಗು ಬಂದ. ಮ್ಯೊಂಗ್ ಇಲ್ಗು ಸಾಂಗ್‌ತೇಗಿಂತ ಮೂರು ವರ್ಷ ಚಿಕ್ಕವನು. ಗಿಡ್ಡ, ಗಟ್ಟಿ ಆಳು, ನಡಿಗೆ ಚುರುಕು. ಅಂಗಡಿ ಮುಚ್ಚಿ ತಿಂಗಳಾದರೂ ಎಲೆಕ್ಟ್ರಿಷಿಯನ್ನಿನ ಹತ್ತು ಜೇಬಿನ ತೋಳಿಲ್ಲದ ಅಂಗಿ ಮೈಮೇಲಿಂದ ಇಳಿದಿರಲಿಲ್ಲ. ಒಂದು ಕೈಯಲ್ಲಿ ಹಳೆಯ ಗಿಟಾರಿನ ಚೀಲ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಮೂಲಂಗಿ ಕಿಮ್ಚಿ, ಹೆಂಡತಿ ಕೊಟ್ಟಳು, ಒಂಟಿ ಗಂಡಸು ಹೊಟ್ಟೆಗೆ ಏನು ಹಾಕ್ಕೊಳ್ತಾನೋ ಅಂತ ಅವಳಿಗೆ ಚಿಂತೆ ಎಂದು ಡಬ್ಬಿಯನ್ನು ಇವನ ಕೈಗಿತ್ತ. ಕಿಮ್ಚಿಯೊಂದೇ ಅಲ್ಲ. ಪ್ರತಿ ವರ್ಷ ಸುಗ್ಗಿ ಹಬ್ಬಕ್ಕೆ ಇಲ್ಗುವಿನಿಂದ ಒಂದು ಪೆಟ್ಟಿಗೆ ಮರಸೇಬು ಬರುತ್ತದೆ, ನಲವತ್ತಾರು ವರ್ಷದಿಂದ ತಪ್ಪಿಲ್ಲ. ಒಂದೊಂದೂ ಮಗುವಿನ ತಲೆಯಷ್ಟು ದಪ್ಪ, ಒಂದೊಂದಕ್ಕೂ ಬಿಳಿ ಜಾಳಿಗೆ. ಸಾಂಗ್‌ತೇ ಅವನ್ನು ಪಕ್ಕದ ಮನೆಯವರಿಗೆ ಹಂಚಿಬಿಡುತ್ತಾನೆ. ಮರಸೇಬು ನನಗೆ ಒಗ್ಗುವುದಿಲ್ಲ ಎಂದು ಹೆಂಡತಿಗೂ ಸುಳ್ಳು ಹೇಳಿದ್ದ. ಒಂದು ಮಾತಿಗೆ ಪ್ರತಿಯಾಗಿ ಬರುವ ಹಣ್ಣು ಅದು, ಆ ಮಾತು ನೆನಪಾದರೆ ಅವನಿಗೆ ತಿನ್ನಲಾಗದು.

ಮೆಟ್ಟಿಲು ಹತ್ತುತ್ತ ಇಲ್ಗು ಹರಟುತ್ತಿದ್ದ. ಮೂವತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಮನೆ ಮನೆಗೆ ಹೋಗಿ ನೂರಹತ್ತು ವೋಲ್ಟಿನ ಹಳೆಯ ಚಪ್ಪಟೆ ತೂತಿನ ಸಾಕೆಟ್ಟು ಕಿತ್ತು ಇನ್ನೂರಿಪ್ಪತ್ತರ ದುಂಡು ತೂತಿನದು ಕೂಡಿಸುವುದು. ದೇಶವೆಲ್ಲ ನೂರಹತ್ತರಿಂದ ಇನ್ನೂರಿಪ್ಪತ್ತಕ್ಕೆ ದಾಟುವುದಕ್ಕೆ ಒಂದು ತಲೆಮಾರೇ ಹಿಡಿಯಿತು, ಆ ತಲೆಮಾರಿನಲ್ಲಿ ರೇಡಿಯೋವೋ ಅನ್ನದ ಕುಕ್ಕರೋ ಏನಾದರೊಂದನ್ನು ಸುಟ್ಟುಕೊಳ್ಳದ ಮನೆಯಿರಲಿಲ್ಲ. ಸಾಕೆಟ್ಟು ಬದಲಿಸಿ ಹೊರಡುವಾಗ ಇಲ್ಗು ಪ್ರತಿ ಮನೆಯಲ್ಲೂ ಕೆಂಪು ಮಸಿಯಲ್ಲಿ ಗೋಡೆಯ ಮೇಲೆ ೨೨೦ ಎಂದು ಬರೆದು, ಮನೆಯೊಡತಿಯನ್ನು ಕರೆದು ಎದುರು ನಿಲ್ಲಿಸಿಕೊಂಡು, ನಾನೂ ಒಬ್ಬರ ಪೆಟ್ಟಿಗೆ ಸುಟ್ಟವನೇ ತಾಯಿ, ಅದಕ್ಕೇ ಹೇಳ್ತೀನಿ ಕೇಳಿ, ಎಂದು ಪಾಠ ಶುರು ಮಾಡುತ್ತಿದ್ದನಂತೆ. ಎಷ್ಟು ಮನೆಯೋ ಲೆಕ್ಕವಿಲ್ಲ ಎಂದು ನಗುತ್ತ ಹೇಳಿದ. ಸಾಂಗ್‌ತೇ ನಡುವಿನ ಕಟ್ಟೆಯಲ್ಲಿ ನಿಂತು ದಮ್ಮು ಹಿಡಿದವನಂತೆ ಕಂಬಿ ಹಿಡಿದುಕೊಂಡ. ಅಷ್ಟು ಮನೆಗಳ ಅಷ್ಟು ಹೆಂಗಸರು ತಲೆಯಾಡಿಸಿ ಕೇಳಿಕೊಂಡದ್ದು ತನ್ನ ಕಥೆಯನ್ನು, ಬೇರೆಯವನ ಹೆಸರಿನಲ್ಲಿ. ಇಲ್ಗು ಹಿಂತಿರುಗಿ, ವಯಸ್ಸಾಯ್ತು ಹ್ಯೊಂಗ್ ನಿನಗೆ ಎಂದು ಛೇಡಿಸಿ ಗಿಟಾರಿನ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

ಪ್ಯೊಂಗ್‌ತೇಕಿನ ಕ್ಲಬ್ಬಿಗೂ, ಹರೆಯದಲ್ಲಿ ಅವರ ವಾದ್ಯತಂಡ ನುಡಿಸುತ್ತಿದ್ದಲ್ಲಿಗೂ, ಹೀಗೇ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಕೆಳಗೆ ದರ್ಜಿ, ಮೇಲೆ ಕ್ಲಬ್ಬು, ಎದುರಿಗೆ ಅಮೆರಿಕದ ದಂಡಿನ ಬೇಲಿ. ಜೊಂಗ್‌ಹಾ ಹ್ಯೊಂಗ್ ಮುಖ್ಯ ಗಿಟಾರು, ಸಾಂಗ್‌ತೇ ತಾಳದ ಗಿಟಾರು, ಇಲ್ಗು ಎಲ್ಲರಿಗಿಂತ ಕಿರಿಯ, ಹಾಗಾಗಿ ಗಿಟಾರಿಗಿಂತ ಹೆಚ್ಚಾಗಿ ವೈರು ಹೊರುವವನು. ಆಂಪ್ಲಿಫೈಯರ್ ಬೇಲಿಯಾಚೆಯಿಂದ ಬಂದದ್ದು. ದೇವರ ಪೆಟ್ಟಿಗೆಯಷ್ಟೇ ಚಿಕ್ಕದು, ಗೋಣಿಯಂಥ ಹಳದಿ ಬಟ್ಟೆ ಹೊದ್ದಿತ್ತು, ಒಂದೇ ತಿರುಗಣೆ. ಜೊಂಗ್‌ಹಾ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದಕ್ಕೆ ಬೇಕಾದ್ದು ನೂರಹತ್ತು, ಕ್ಲಬ್ಬಿನ ಗೋಡೆ ಕೊಡುತ್ತಿದ್ದದ್ದು ಇನ್ನೂರಿಪ್ಪತ್ತು. ನಡುವೆ ವೋಲ್ಟೇಜು ಇಳಿಸುವ ಕಬ್ಬಿಣದ ಪೆಟ್ಟಿಗೆಯೊಂದಿರಲೇಬೇಕು. ಬಿಟ್ಟುಹೋದರೆ ಕಳ್ಳರು ಹೊತ್ತೊಯ್ದಾರೆಂದು ಇಲ್ಗು ಅದನ್ನು ಸೈಕಲ್ಲಿನ ಹಿಂದೆ ಕಟ್ಟಿ ದಿನವೂ ಮನೆಗೆ ಒಯ್ದು ದಿನವೂ ಹೊತ್ತು ತರುತ್ತಿದ್ದ. ಆವತ್ತು ಮಧ್ಯಾಹ್ನ ಮೂರು ಗಂಟೆಗೆ ಸಾಂಗ್‌ತೇ ಒಬ್ಬನೇ ಬಂದಿದ್ದ. ಎಲ್ಲರೂ ಬರುವುದು ಐದಕ್ಕೆ.

ಶಿಮ್ ಎನ್ನುವ ಹೆಂಗಸಿನ ಅಂಗಡಿ ಎರಡನೆಯ ಮಹಡಿಯ ತುದಿಯಲ್ಲಿತ್ತು. ಅರವತ್ತರ ಆಸುಪಾಸು, ಗಂಡನಿಂದ ಬಂದ ಅಂಗಡಿ, ಗಂಡನಿಗಿಂತ ಚೆನ್ನಾಗಿ ನಡೆಸುತ್ತಾಳೆ ಎಂದು ಹೆಸರು. ಗಿಟಾರು ಹೇಳಿಕೊಡುತ್ತಿದ್ದ ಕಾಲದಿಂದ ಸಾಂಗ್‌ತೇಗೆ ಪರಿಚಯ. ಬನ್ನಿ ಮೇಷ್ಟ್ರೇ, ಇನ್ನೂ ಬದುಕಿದ್ದೀರಾ ಎಂದು ಸ್ವಾಗತಿಸಿ, ಕಾಗದದ ಲೋಟಗಳಲ್ಲಿ ಸಿಹಿ ಕಾಫಿ ಕಲಸಿ ಕೊಟ್ಟಳು. ಇವರ ಕಿವಿಗೆ ಹೆದರಿಕೊಂಡೇ ನಾನು ಕೆಟ್ಟ ಸರಕು ತರಿಸೋದಿಲ್ಲ ಎಂದು ಇಲ್ಗುವಿಗೆ ಹೇಳಿದಳು. ಇಲ್ಗು ತನ್ನನ್ನೇ ಹೊಗಳಿದಷ್ಟು ಹಿಗ್ಗಿದ. ಸಾಂಗ್‌ತೇಗೂ ಒಳಗೊಳಗೇ ಹಿತವಾಯಿತು. ಹಿತವಾದದ್ದಕ್ಕೆ ನಾಚಿಕೆಯೂ ಆಯಿತು. ಬದುಕಿನಲ್ಲಿ ಅವನು ಗಳಿಸಿದ್ದು ಇದೊಂದೇ. ದೊಡ್ಡ ವಾದಕನಾಗಲಿಲ್ಲ, ಒಂದು ಗ್ರಾಮಫೋನ್ ತಟ್ಟೆಯ ಮೇಲೂ ಹೆಸರು ಬರಲಿಲ್ಲ, ಮಕ್ಕಳಾಗಲಿಲ್ಲ. ಆದರೆ ಹಳೆಯ ನಾದ ಯಾವುದು, ಹಳೆಯದರಂತೆ ನಟಿಸುವುದು ಯಾವುದು ಎಂದು ಹೇಳಬೇಕಾದರೆ ಈ ಮಳಿಗೆಯಲ್ಲಿ ತಾಕ್ ಮೇಷ್ಟ್ರನ್ನು ಕರೆಯುತ್ತಾರೆ. ಆ ಕಿವಿ ಎಲ್ಲಿ ತಯಾರಾಯಿತು ಎಂದು ಯಾರೂ ಕೇಳಿಲ್ಲ.

ಶಿಮ್ ಮೊದಲು ಒಂದು ಕಪ್ಪು ಪೆಟ್ಟಿಗೆ ಎತ್ತಿ ತಂದಳು. ಗುಂಡಿ ಒತ್ತಿದರೆ ಅರವತ್ತರ ದಶಕದ ನಾದ, ಇನ್ನೊಂದು ಒತ್ತಿದರೆ ಎಪ್ಪತ್ತು. ಒಳಗೆ ಹಳೆಯ ರೇಡಿಯೋದಂಥ ಗಾಜಿನ ವಾಲ್ವೂ ಇಲ್ಲ, ಬಿಸಿಯೂ ಇಲ್ಲ, ಎಲ್ಲ ಲೆಕ್ಕಾಚಾರ. ಹೆಡ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ನುಡಿಸಿದರೆ ಕೆಳಗಿನ ಮನೆಯವರಿಗೆ ಇರುವೆ ಹರಿದಷ್ಟೂ ಕೇಳುವುದಿಲ್ಲ ಎಂದಳು. ಪ್ಲಗ್ಗನ್ನು ಗೋಡೆಗೆ ಹಾಕಲು ಅವಳು ಬಗ್ಗಿದಾಗ ಇಲ್ಗು, ಒಂದು ನಿಮಿಷ, ಎಂದು ತಡೆದು, ಜೇಬಿನಿಂದ ಟೆಸ್ಟರ್ ತೆಗೆದು ಅದರ ಎರಡು ಸೂಜಿಗಳನ್ನು ಸಾಕೆಟ್ಟಿಗೆ ಚುಚ್ಚಿ ಕಣ್ಣು ಕಿರಿದು ಮಾಡಿ ನೋಡಿದ. ಇನ್ನೂರ ಇಪ್ಪತ್ತೆರಡು. ಆಮೇಲೆ ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ಅಲ್ಲಿ ಬರೆದದ್ದನ್ನು ಬೆರಳಿಟ್ಟು ಓದಿ ತಲೆದೂಗಿದ. ಶಿಮ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ನಮ್ಮ ಗೋಡೆ ಮೇಲೆ ಅಷ್ಟು ಅನುಮಾನವಾ ಯಜಮಾನ್ರೇ, ಇಪ್ಪತ್ತು ವರ್ಷದಿಂದ ದೇಶದಲ್ಲೆಲ್ಲ ಒಂದೇ ಕರೆಂಟು ಎಂದಳು. ಇಲ್ಗು ಹಲ್ಲು ಕಿರಿದು, "ಗೋಡೆ ಏನು ಕೊಡತ್ತೆ ಅಂತ ಗೋಡೇನೇ ಕೇಳ್ಬೇಕಮ್ಮ. ಒಂದ್ಸಲ ಕೇಳ್ದೆ ಹಾಕಿ ನೋಡಿದೀನಿ," ಎಂದು ಹೇಳಿ ಸಾಂಗ್‌ತೇಯ ಕಡೆ ಕಣ್ಣು ಮಿಟುಕಿಸಿದ. ಇದು ನಮ್ಮಿಬ್ಬರ ಹಳೆಯ ಗುಟ್ಟು ಎನ್ನುವಂತೆ. ಸಾಂಗ್‌ತೇ ಕಾಫಿಯ ಲೋಟದೊಳಗೆ ನೋಡಿದ. ಈಗ ಹೇಳಬಹುದಿತ್ತು, ಆದರೆ ಶಿಮ್ ಇದ್ದಳು. ಅವಳು ಇಲ್ಲದಿದ್ದರೆ ಇನ್ನೇನಾದರೂ ಇರುತ್ತಿತ್ತು ಎಂಬುದೂ ಅವನಿಗೆ ಗೊತ್ತಿತ್ತು.

ಕ್ಲಬ್ಬಿನ ಅಡುಗೆಮನೆಯ ರೇಡಿಯೋದ ವೈರಿನ ಬಾಲದಲ್ಲಿ ಒಂದು ಹಂದಿಮೂಗು ಇತ್ತು. ಎರಡು ಹೊಳ್ಳೆಯಂಥ ತೂತಿರುವ ಆ ಕರಿಯ ತುಂಡಿಗೆ ಎಲ್ಲರೂ ಹಾಗೆಯೇ ಹೆಸರಿಟ್ಟಿದ್ದರು. ಚಪ್ಪಟೆ ಕಾಲಿನ ಪ್ಲಗ್ಗನ್ನು ದುಂಡು ತೂತಿಗೆ ಹೊಂದಿಸುವುದು ಅದರ ಕೆಲಸ; ಕರೆಂಟನ್ನು ಇಳಿಸುವುದಲ್ಲ. ಕಾಲು ಹೊಂದಿತೆಂದರೆ ಕರೆಂಟೂ ಹೊಂದಿತು ಎಂದುಕೊಂಡು ಎಷ್ಟೋ ಜನ ಕೆಟ್ಟಿದ್ದರು. ಸಾಂಗ್‌ತೇ ಆವತ್ತು ಹಾಗೆಂದುಕೊಂಡಿದ್ದನೋ, ಅಥವಾ ಗೊತ್ತಿದ್ದೂ ಎರಡು ನಿಮಿಷಕ್ಕೆ ಏನಾಗುತ್ತದೆ ಎಂದು ಚುಚ್ಚಿದನೋ, ಇದನ್ನು ಅವನು ಇವತ್ತಿಗೂ ತನ್ನೆದುರು ತಾನೇ ಒಪ್ಪಿಕೊಂಡಿಲ್ಲ. ಆಂಪ್ಲಿಫೈಯರಿನ ಪ್ಲಗ್ಗಿಗೆ ಹಂದಿಮೂಗು ಸಿಕ್ಕಿಸಿದ, ಗೋಡೆಗೆ ಹಾಕಿದ. ದೀಪ ಎಂದಿಗಿಂತ ಬೆಳ್ಳಗೆ ಹೊತ್ತಿತು. ಜೊಂಗ್‌ಹಾನ ಗಿಟಾರನ್ನೇ ಎತ್ತಿಕೊಂಡು ಒಂದು ಸ್ವರಗುಚ್ಛ ಎಳೆದ. ಹೊರಟ ನಾದ ಜೊಂಗ್‌ಹಾನದಾಗಿರಲಿಲ್ಲ, ಅವನಿಗೆ ಗೊತ್ತಿದ್ದ ಯಾರದೂ ಆಗಿರಲಿಲ್ಲ. ದಪ್ಪಗೆ, ಕಂದುಬಣ್ಣಕ್ಕೆ, ಬೆಲ್ಲದ ಪಾಕ ಕುದಿಯೊಡೆಯುವಾಗ ಉಕ್ಕುತ್ತದಲ್ಲ ಹಾಗೆ ಉಕ್ಕಿ ಬಂತು. ಹತ್ತು ಸೆಕೆಂಡು. ಆಮೇಲೆ ವಾಸನೆ, ಆಮೇಲೆ ಹೊಗೆ. ಫ್ಯೂಸು ಹಾರಬೇಕಿತ್ತು, ಹಾರಲಿಲ್ಲ. ಫ್ಯೂಸು ಸಿಗುವುದಿಲ್ಲವೆಂದು ಜೊಂಗ್‌ಹಾ ಅದಕ್ಕೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿಟ್ಟಿದ್ದ. ಸಾಂಗ್‌ತೇ ಕಿತ್ತ, ಕಿಟಕಿ ತೆರೆದ, ಹೆಂಡದ ತಟ್ಟೆಯಿಂದ ಬೀಸಿ ಬೀಸಿ ಹೊಗೆ ಹೊರಹಾಕಿದ, ಹಂದಿಮೂಗನ್ನು ರೇಡಿಯೋದ ಬಾಲಕ್ಕೇ ಮರಳಿ ಸಿಕ್ಕಿಸಿ ಹಿಂಬಾಗಿಲಿನಿಂದ ಇಳಿದು ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ ಬಿಸಿನೀರಿನಲ್ಲಿ ಕತ್ತಿನವರೆಗೆ ಮುಳುಗಿ ಕೂತ. ಅಲ್ಲಿ ಕೂತಾಗ ಅವನಿಗೆ ಹೆದರಿಕೆಯಾಗಬೇಕಿತ್ತು. ಹೆದರಿಕೆ ಸ್ವಲ್ಪ ಹೊತ್ತಿನ ಮೇಲೆ ಬಂತು. ಮೊದಲು ಬಂದದ್ದು ಸಂತೋಷ, ಅಂಥ ನಾದ ಕೇಳಿದ ಸಂತೋಷ. ಇದನ್ನು ನೆನೆದಾಗಲೆಲ್ಲ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತದೆ.

ಐದಕ್ಕೆ ಒದ್ದೆ ತಲೆಯಲ್ಲೇ ಎಲ್ಲರ ಜೊತೆ ಬಂದ. ಇಲ್ಗು ಸೈಕಲ್ಲಿನಿಂದ ಕಬ್ಬಿಣದ ಪೆಟ್ಟಿಗೆ ಇಳಿಸಿ, ಗೋಡೆಗೆ ಪೆಟ್ಟಿಗೆ, ಪೆಟ್ಟಿಗೆಗೆ ಆಂಪ್ಲಿಫೈಯರ್ ಹಾಕಿದ. ಪೆಟ್ಟಿಗೆಗೆ ಇದ್ದದ್ದು ಒಂದೇ ಥರದ ಎರಡು ಜೋಡಿ ತೂತು. ಒಂದರಲ್ಲಿ ನೂರಹತ್ತು ಬರುತ್ತಿತ್ತು, ಇನ್ನೊಂದರಲ್ಲಿ ಇನ್ನೂರಿಪ್ಪತ್ತು. ಆಂಪ್ಲಿಫೈಯರಿನಿಂದ ಸದ್ದಿಲ್ಲ, ಬೆನ್ನಿನಿಂದ ನೂಲಿನಷ್ಟು ಹೊಗೆ ಬಂತು. ಇಲ್ಗು ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಕಿತ್ತುಬಿಟ್ಟ, ಯಾವ ತೂತಿನಲ್ಲಿತ್ತು ಎಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ, ಅವನಿಗೂ. ಜೊಂಗ್‌ಹಾ ಹೊಡೆಯಲಿಲ್ಲ, ಬೈಯಲೂ ಇಲ್ಲ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಇಲ್ಗು ನೆಲದ ಮೇಲೆ ಮಂಡಿಯೂರಿ, ನನ್ನ ಕೈ ತಪ್ಪಿತು ಹ್ಯೊಂಗ್, ನನ್ನ ಕೈ ತಪ್ಪಿತು ಎಂದು ಅಳತೊಡಗಿದ. ಆಗ ಸಾಂಗ್‌ತೇ ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ಹೋಗಲಿ ಏಳು, ಯಾರ ಕೈಯಲ್ಲಾದರೂ ಆಗತ್ತೆ ಎಂದ. ಆ ಹೊತ್ತಿಗೆ ಅದು ಎಷ್ಟು ದೊಡ್ಡ ಮನಸ್ಸಿನ ಮಾತಾಗಿ ಕೇಳಿತ್ತೆಂದರೆ ಸಾಂಗ್‌ತೇ ಸ್ವತಃ ಅದನ್ನು ಅರ್ಧ ನಂಬಿದ್ದ. ಇಲ್ಗು ನಷ್ಟಕ್ಕೆ ಬದಲಾಗಿ ತನ್ನ ಗಿಟಾರನ್ನು ಜೊಂಗ್‌ಹಾನ ಕುರ್ಚಿಯ ಮೇಲಿಟ್ಟು ಮರುದಿನವೇ ಊರು ಬಿಟ್ಟ. ಆ ಒಂದು ಮಾತಿಗಾಗಿ ಅವನು ವರ್ಷವರ್ಷವೂ ಮರಸೇಬು ಕಳಿಸುತ್ತಾನೆ.

ಕಪ್ಪು ಪೆಟ್ಟಿಗೆಯನ್ನು ಸಾಂಗ್‌ತೇ ಎರಡು ನಿಮಿಷ ನುಡಿಸಿ, ಇದು ಹಳೆಯದಲ್ಲ, ಹಳೆಯದರ ಫೋಟೋ ಎಂದ. ಶಿಮ್ ನಗುತ್ತ ಒಪ್ಪಿಕೊಂಡು ಒಳಗಿನಿಂದ ಎರಡನೆಯದನ್ನು ತಂದಳು. ಐದು ವಾಟು, ಎಂಟು ಅಂಗುಲದ ಸ್ಪೀಕರು, ಗೋಣಿಯಂಥ ಹಳದಿ ಬಟ್ಟೆ, ಒಂದೇ ತಿರುಗಣೆ. ಹೊಸದಾಗಿ ಹಳೆಯ ರೀತಿಯಲ್ಲಿ ಕಟ್ಟಿದ್ದು, ಒಳಗೆ ನಿಜವಾದ ವಾಲ್ವು. ಇಲ್ಗು ಅದನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದ. ಗೋಡೆಯನ್ನು ಆಗಲೇ ಅಳೆದಾಗಿತ್ತು, ಆದರೂ ಮತ್ತೊಮ್ಮೆ ಅಳೆದ. ಅಳೆದ ಮೇಲೂ ಪ್ಲಗ್ಗನ್ನು ಕೈಯಲ್ಲೇ ಹಿಡಿದು ನಿಂತ. ಸಾವಿರಾರು ಮನೆಗೆ ಕರೆಂಟು ಕೊಟ್ಟವನು ಅದನ್ನು ಸಾಂಗ್‌ತೇಯ ಕಡೆಗೆ ಚಾಚಿದ. "ನೀನೇ ಹಾಕು ಹ್ಯೊಂಗ್. ಇದನ್ನ ನನ್ನ ಕೈಯಲ್ಲಿ ಆಗಲ್ಲ," ಎಂದ. ಸಾಂಗ್‌ತೇ ಬಗ್ಗಿ ಹಾಕಿದ. ಸೊಂಟ ಹಿಡಿದುಕೊಂಡಿತು, ಏಳಲು ಶಿಮ್ ಕೈ ಕೊಟ್ಟಳು. ವಾಲ್ವು ಬಿಸಿಯಾಗುವವರೆಗೆ ಮೂವರೂ ಕಾದರು. ಅಷ್ಟರಲ್ಲಿ ಪಕ್ಕದ ಅಂಗಡಿಯವನು ಚಿಲ್ಲರೆ ಕೇಳಿಕೊಂಡು ಬಂದು ಶಿಮ್‌ಳನ್ನು ಕರೆದುಕೊಂಡು ಹೋದ.

ನಾದ ಚೆನ್ನಾಗಿತ್ತು. ಸಾಂಗ್‌ತೇ ಮೆಲ್ಲಗೆ ನುಡಿಸಿದ, ಆಮೇಲೆ ತಿರುಗಣೆಯನ್ನು ಅರ್ಧಕ್ಕೆ ತಿರುಗಿಸಿ ಸ್ವಲ್ಪ ಗಟ್ಟಿಯಾಗಿ ನುಡಿಸಿದ. ತೆಳ್ಳಗೆ, ತಿಳಿಯಾಗಿ, ಅಂಚಿನಲ್ಲಿ ಮಾತ್ರ ಕೊಂಚ ಒಡೆಯುತ್ತಿತ್ತು. ಇಲ್ಗು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ, ರೆಪ್ಪೆಯಂಚಿನಲ್ಲಿ ನೀರಿತ್ತು. ಇದೇ ಅಲ್ಲವೇ, ಇದೇ ಅಲ್ಲವೇ ಎಂದ. ಹೌದು ಎಂದುಬಿಟ್ಟಿದ್ದರೆ ಆಗಿತ್ತು; ಜೊಂಗ್‌ಹಾನ ಆಂಪ್ಲಿಫೈಯರ್ ದಿನವೂ ನುಡಿಯುತ್ತಿದ್ದದ್ದು ಹೆಚ್ಚುಕಡಿಮೆ ಹೀಗೆಯೇ. ಆದರೆ ನಾದದ ವಿಷಯದಲ್ಲಿ ಸುಳ್ಳು ಹೇಳುವುದು ಸಾಂಗ್‌ತೇಗೆ ಬಾರದು, ಅದೊಂದೇ ವಿಷಯದಲ್ಲಿ. ಅವನ ಬಾಯಿ ಅವನನ್ನು ಕೇಳದೆಯೇ ಹೇಳತೊಡಗಿತು, ಇಲ್ಲ ಇದು ಸಾಲದು, ಅದು ಇನ್ನೂ ದಪ್ಪಗಿತ್ತು, ಕಂದಾಗಿತ್ತು, ಸ್ವರ ಹೊರಟ ಮೇಲೆ ಸಣ್ಣದಾಗುವ ಬದಲು ಉಕ್ಕಿಕೊಂಡು ಬರುತ್ತಿತ್ತು, ಪೆಟ್ಟಿಗೆ ತನ್ನನ್ನು ತಾನೇ ಬಗೆದುಕೊಳ್ಳುವ ಹಾಗೆ. ಹೇಳುತ್ತ ಹೇಳುತ್ತ ಅವನ ದನಿಗೆ ಹುರುಪು ಬಂತು. ಇಲ್ಗು ಕಣ್ಣು ತೆರೆದು ನೋಡಿದ.

"ಜೊಂಗ್‌ಹಾ ಹ್ಯೊಂಗ್‌ದು ಯಾವತ್ತೂ ಹಂಗೆ ನುಡೀಲಿಲ್ಲ," ಎಂದ. "ದಿನಾ ಅದರ ಪಕ್ಕ ಕೂತಿರ್ತಿದ್ದವನು ನಾನು. ಇನ್ಯಾರದ್ದೋ ಹೇಳ್ತಿದೀಯ ನೀನು. ಅಷ್ಟು ಉಕ್ಕಬೇಕಂದ್ರೆ ಅದಕ್ಕೆ ಒಂದಕ್ಕೆರಡು ವೋಲ್ಟೇಜು ಕೊಟ್ಟಿರ್ಬೇಕು."

ಅವನು ಅದನ್ನು ತನ್ನ ಕಸುಬಿನ ಮಾತಾಗಿ ಹೇಳಿದ್ದ, ಅನುಮಾನವೇನೂ ಇರಲಿಲ್ಲ. ಹೌದೇನೋ, ಬೇರೆ ಯಾರದ್ದೋ ಇರಬೇಕು, ವಯಸ್ಸಾಯಿತು ನೋಡು ಎಂಬ ಉತ್ತರ ಸಾಂಗ್‌ತೇಯ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಇಲ್ಗು ನಂಬುತ್ತಿದ್ದ. ಸುಗ್ಗಿ ಹಬ್ಬಕ್ಕೆ ಮತ್ತೆ ಹಣ್ಣು ಬರುತ್ತಿತ್ತು, ಇಬ್ಬರಲ್ಲಿ ಯಾರು ಮೊದಲು ಸತ್ತರೂ ಇನ್ನೊಬ್ಬ ನೆಲಮಾಳಿಗೆಯಲ್ಲಿ ಕೂತು ಸಾರು ಕುಡಿಯುತ್ತಿದ್ದ, ವಿಷಯ ಅಲ್ಲಿಗೆ ಮಣ್ಣಾಗುತ್ತಿತ್ತು. ಇಷ್ಟು ದಿನ ಅವನು ಬಯಸಿದ್ದೂ ಅದನ್ನೇ ಅಲ್ಲವೇ? ಅವನು ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿದ.

"ಹ್ಯೊಂಗ್‌ದಕ್ಕೇ ನಾನು ಕೊಟ್ಟಿದ್ದೆ," ಎಂದ. "ಆವತ್ತು ಮೂರು ಗಂಟೆಗೆ. ನೀನು ಬರೋಕೆ ಮುಂಚೆ. ಅಡುಗೆಮನೆ ಹಂದಿಮೂಗು ಹಾಕಿ."

ಇಲ್ಗು ಪಕ್ಕದಲ್ಲಿದ್ದ ಮುಕ್ಕಾಲಿ ಪೀಠವನ್ನು ಎಳೆದುಕೊಂಡು ಕೂತ. ಸುಟ್ಟ ಮನೆಗೆ ತನಿಖೆಗೆ ಹೋದವನಂತೆ, ಒಂದೊಂದೇ ಕೇಳತೊಡಗಿದ. ಎಷ್ಟು ಹೊತ್ತು ಹಾಕಿಟ್ಟಿದ್ದೆ ಎಂದು ಕೇಳಿದ. ಹತ್ತು ಸೆಕೆಂಡು ನುಡಿಯಿತು, ಅದಕ್ಕೆ ಮುಂಚೆ ಬಿಸಿಯಾಗಲು ಸ್ವಲ್ಪ ಎಂದು ಸಾಂಗ್‌ತೇ ಹೇಳಿದ. ಫ್ಯೂಸು ಹಾರಲಿಲ್ಲವೇ ಎಂದ. ಬೆಳ್ಳಿ ಕಾಗದ ಸುತ್ತಿತ್ತು. ಹೌದು, ಸುತ್ತಿತ್ತು ಎಂದು ಇಲ್ಗು ತಲೆಯಾಡಿಸಿದ. ವಾಸನೆ ಎಲ್ಲಿಂದ ಬಂತು, ಬೆನ್ನಿನ ಎಡಗಡೆಯಿಂದಲೋ ಬಲಗಡೆಯಿಂದಲೋ? ಎಡಗಡೆಯಿಂದ. ಹಾಗಾದರೆ ಟ್ರಾನ್ಸ್‌ಫಾರ್ಮರ್ ಆಗಲೇ ಹೋಗಿತ್ತು ಎಂದು ಇಲ್ಗು ತನಗೇ ಹೇಳಿಕೊಂಡ. ತನ್ನ ಎರಡೂ ಅಂಗೈಯನ್ನು ಮೊಣಕಾಲ ಮೇಲೆ ಬಿಡಿಸಿಟ್ಟು ನೋಡಿದ. ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು, ಕಸುಬಿನವು.

"ಹಂಗಾದ್ರೆ ನಾನು ಸರಿಯಾದ ತೂತಿಗೇ ಹಾಕಿದ್ದೆ," ಎಂದ.

"ಹೂಂ."

"ನಾನು ಸರಿಯಾಗೇ ಹಾಕಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಾಂಗ್‌ತೇಗೆ ಸುಲಭವಾಗುತ್ತಿತ್ತು, ಅವನು ಕಾಲು ಹಿಡಿಯಲೂ ಸಿದ್ಧನಾಗಿ ಬಂದಿದ್ದ. ಕ್ಷಮಿಸು ಎಂದ. ಆ ಮಾತು ಆಂಪ್ಲಿಫೈಯರಿನ ಸಣ್ಣ ಗುಂಯ್ ಸದ್ದಿಗಿಂತ ಸಣ್ಣಗೆ ಕೇಳಿತು. ಇಲ್ಗು ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಅವನು ತಾನು ಹೊಕ್ಕು ಬಂದ ಮನೆಗಳನ್ನು ನೆನೆಯುತ್ತಿದ್ದಾನೆ ಎಂದು ಸಾಂಗ್‌ತೇಗೆ ಅನ್ನಿಸಿತು. ಪ್ರತಿ ಮನೆಯಲ್ಲೂ ನಿಂತು ಹೇಳಿದ ಆ ಮಾತನ್ನು ಈಗ ಯಾವ ಮನೆಗೆ ಹೋಗಿ ವಾಪಸು ತರುವುದು? ಆ ಹೆಂಗಸರಲ್ಲಿ ಎಷ್ಟೋ ಜನ ಸತ್ತಿರುತ್ತಾರೆ. ಜೊಂಗ್‌ಹಾನೂ ಸತ್ತ, ಇಲ್ಗುವಿನ ಕೈ ತಪ್ಪಿತು ಎಂದುಕೊಂಡೇ ಸತ್ತ. ಅವನು ಬದುಕಿದ್ದಾಗಲೇ ಬಾಯಿಬಿಟ್ಟಿದ್ದರೆ ಅದೊಂದಾದರೂ ತಪ್ಪುತ್ತಿತ್ತು. ಎಲ್ಲ ಕಡೆಗೂ ಮೊದಲೇ ಹೋಗುವವನು ಇದೊಂದಕ್ಕೆ ಇಷ್ಟು ತಡವಾಗಿ ಬಂದಿದ್ದ. ನಾಚಿಕೆ ಅವನ ಹೊಟ್ಟೆಯೊಳಗೆ 'ಕೂತುಕೋ' ಎಂದರೆ ಕೂರುವ ನಾಯಿಯಂತೆ ಇಷ್ಟು ವರ್ಷ ಕೂತಿತ್ತು, ಇವತ್ತು ಎದ್ದು ನಿಂತಿತ್ತು.

ಶಿಮ್ ತಿರುಗಿ ಬಂದಳು. ಏನಾಯಿತು, ಹೊಂದಿತಾ, ಮೇಷ್ಟ್ರು ಒಪ್ಪಿದರಾ ಎಂದು ಕೇಳಿದಳು. ಇಲ್ಗು ಎದ್ದು ಮೂಗೊರೆಸಿಕೊಂಡ. ಹಳದಿ ಆಂಪ್ಲಿಫೈಯರಿನ ಪ್ಲಗ್ಗನ್ನು ಬಗ್ಗಿ ತಾನೇ ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಅದರ ತಲೆಯ ಮೇಲಿಟ್ಟ. ಇದು ಬೇಡಮ್ಮ ಎಂದ. ಹಳೆಯ ನಾದದ್ದೇ ಇನ್ನೆರಡು ಇದೆ, ತೋರಿಸಲೇ ಎಂದಳು ಶಿಮ್. ಹಳೆಯದೇ ಬೇಕೆಂದೇನಿಲ್ಲ, ನಿಮ್ಮಲ್ಲಿ ಏನೇನಿದೆಯೋ ಎಲ್ಲ ತೋರಿಸಿ ಎಂದು ಇಲ್ಗು ಹೇಳಿದಾಗ ಅವಳು ಸಾಂಗ್‌ತೇಯ ಮುಖ ನೋಡಿದಳು. ಇಲ್ಗುವೂ ನೋಡಿದ. ನೋಡಿದವನು ಕಣ್ಣನ್ನು ಬೇಗನೆ ಕಿತ್ತುಕೊಂಡ.

"ನಾನು ಸುಟ್ಟಿದ್ದು ಅಂತ ಅದನ್ನ ಹುಡುಕ್ತಿದ್ದೆ ಹ್ಯೊಂಗ್. ಸುಟ್ಟಿದ್ದು ನಾನಲ್ಲ ಅಂದ್ಮೇಲೆ ಅದು ನನಗ್ಯಾಕೆ? ನನಗೆ ಯಾವ್ದು ಇಷ್ಟ ಅಂತ ನನಗೇ ಗೊತ್ತಿಲ್ಲ. ಅರವತ್ತೆಂಟಾಯ್ತು, ಒಂದ್ಸಲಾನೂ ಕೇಳ್ಕೊಂಡಿಲ್ಲ." ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ: "ನೀನು ಹೋಗು. ನೀನಿದ್ರೆ ಪ್ರತಿಯೊಂದಕ್ಕೂ ನಾನು ನಿನ್ನ ಮುಖ ನೋಡ್ತೀನಿ."

ಸಾಂಗ್‌ತೇ ಡಬ್ಬಿ ಎತ್ತಿಕೊಳ್ಳಬೇಕೋ ಬಿಡಬೇಕೋ ತಿಳಿಯದೆ ಒಂದು ಕ್ಷಣ ನಿಂತ. ಕಿಮ್ಚಿ ತಗೊಂಡು ಹೋಗು, ಹುಳಿಯಾಗತ್ತೆ ಎಂದು ಇಲ್ಗುವೇ ಹೇಳಿದ, ತಿರುಗಿ ನೋಡಲಿಲ್ಲ. ಶಿಮ್‌ಗೆ ಏನೂ ಅರ್ಥವಾಗದೆ, ಮೇಷ್ಟ್ರೇ ಕಾಫಿ ಅರ್ಧಕ್ಕೇ ಬಿಟ್ಟಿರಲ್ಲ ಎಂದಳು. ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದು, ಉದ್ದನೆಯ ಹಾದಿಯಲ್ಲಿ ಪಿಯಾನೋಗಳನ್ನೂ ಕಹಳೆಗಳನ್ನೂ ದಾಟಿ, ಮೆಟ್ಟಿಲು ಇಳಿಯತೊಡಗಿದ. ನಡುವಿನ ಕಟ್ಟೆಯಲ್ಲಿ ಕಾಲು ನಿಂತಿತು. ಮೇಲೆ ಗಿಟಾರು ನುಡಿಯಿತು. ಇಲ್ಗುವಿನ ಕೈ ಅದು. ತಾಳದ ನಾಲ್ಕನೆಯ ಏಟಿಗೆ ಕೂದಲೆಳೆಯಷ್ಟು ತಡವಾಗಿ ಬರುವುದು ಅವನ ಇಪ್ಪತ್ತೆರಡನೆಯ ವಯಸ್ಸಿನಲ್ಲೂ ಇತ್ತು. ಆಂಪ್ಲಿಫೈಯರ್ ಯಾವುದೋ ಗೊತ್ತಾಗಲಿಲ್ಲ, ಬಹಳ ಹೊಸದು, ಬಹಳ ಜೋರು, ನಾದಕ್ಕೆ ಒಂದಿಷ್ಟೂ ವಯಸ್ಸಿರಲಿಲ್ಲ. ಸ್ವರ ತಪ್ಪಿತು, ನಿಂತಿತು. ಮತ್ತೆ ಅದೇ ಜಾಗದಿಂದ ಶುರುವಾಯಿತು, ಮೊದಲಿಗಿಂತ ಜೋರಾಗಿ. ಮೇಲಿಂದ ಇಳಿದು ಬರುತ್ತಿದ್ದವರು ಡಬ್ಬಿ ಹಿಡಿದು ನಿಂತ ಮುದುಕನನ್ನು ಬಳಸಿಕೊಂಡು ಹೋದರು. ಸಾಂಗ್‌ತೇ ಗೋಡೆಗೆ ಒರಗಿ ಪೂರ್ತಿ ಕೇಳಿದ. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಅವನನ್ನು ಕೇಳಲಿಲ್ಲ.